ಜೋಡಿ ಕೂಡದ ಎರಡು ಸೈಕಲ್ಲು

ನನ್ನ ಗಂಡ ನಲವತ್ತು ವರ್ಷ ಎತ್ತು ಕೊಂಡವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ವಿಜಯಪುರದ ಸೈಕಲ್ ಅಂಗಡಿಯಲ್ಲಿ ನನ್ನ ಮಾನ ಯಾಕೆ ಹರಾಜಾಯಿತು ಎಂದು ನಿಮಗೆ ತಿಳಿಯುವುದಿಲ್ಲ. ನಮ್ಮ ಮನೆ ಬಬಲೇಶ್ವರದಲ್ಲಿ, ಹೊಲ ಜೈನಾಪುರದ ಹತ್ತಿರ. ಸುತ್ತಲಿನ ಯಾರೇ ಎತ್ತು ಕೊಳ್ಳಲು ಹೊರಟರೂ ಇವರನ್ನು ಕರೆದುಕೊಂಡು ಹೋಗುತ್ತಿದ್ದರು. ನಿಡೋಣಿಯಿಂದಲೂ ಜನ ಬರುತ್ತಿದ್ದರು. ಇವರು ಎತ್ತಿನ ಸುತ್ತ ಮೂರು ಸಲ ತಿರುಗಿ, ಬಾಯಿ ಬಿಡಿಸಿ ಹಲ್ಲು ನೋಡಿ, ಮೈಮೇಲಿನ ಸುಳಿ ನೋಡಿ, ಬೇಡ ಎಂದರೆ ಮುಗಿಯಿತು. ನನ್ನನ್ನು ನೋಡಲು ಬಂದಾಗ ಮಾತ್ರ ತಲೆ ಎತ್ತದೆ ಅವಲಕ್ಕಿ ತಿಂದು ಹೋಗಿದ್ದರು.

ನಾನು ಟಿಕೋಟಾದವಳು. ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ ಹೊಡೆದುಕೊಂಡು ದ್ರಾಕ್ಷಿ ತೋಟಕ್ಕೆ ಬುತ್ತಿ ಒಯ್ದವಳು. ಮುಂದೆ ಅಲ್ಲಿಯ ಶಾಲೆಯಲ್ಲೇ ಕಲಿಸಿ ನಿವೃತ್ತಳಾದೆ. ನಿವೃತ್ತಿಯಾದ ವರ್ಷವೇ ಒಂದು ಸಣ್ಣ ಕಾರು ತೆಗೆದುಕೊಂಡೆವು. ಓಡಿಸುವವಳು ನಾನು. ಪಕ್ಕದಲ್ಲಿ ಕುಳಿತು ಬ್ರೇಕ್ ಒತ್ತುವವರು ಅವರು, ಅವರ ಕಾಲ ಕೆಳಗೆ ಬ್ರೇಕ್ ಇರದಿದ್ದರೂ. ಚಳಿಗಾಲ ಬಂತೆಂದರೆ ಇಬ್ಬರೂ ಎಲ್ಲಿಗಾದರೂ ಹೊರಡುತ್ತಿದ್ದೆವು. ಆ ದಿನಗಳಿಗಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ.

ಆಮೇಲೆ ಅವರ ಬಲಗಾಲಿನ ಮೊಣಕಾಲು ಕೈಕೊಟ್ಟಿತು. ಹೋದ ವರ್ಷ ಹಂಪಿಯಲ್ಲಿ ಕಾರು ನಿಲ್ಲಿಸಿದ ಜಾಗದಿಂದ ಒಂದಷ್ಟು ದೂರ ನಡೆದರು, ಸುಮ್ಮನೆ ಹಿಂದಿರುಗಿ ಹೋಗಿ ಕಾರಿನಲ್ಲಿ ಕುಳಿತುಬಿಟ್ಟರು. ಇಡೀ ಮಧ್ಯಾಹ್ನ ನಾನೊಬ್ಬಳೇ ಬಿಸಿಲಲ್ಲಿ ಕಲ್ಲು ನೋಡಿದೆ. ಏನು ನೋಡಿದೆನೋ ಏನೋ, ಮನಸ್ಸೆಲ್ಲ ಆ ಕಾರಿನ ಕಡೆಗೇ ಇತ್ತು. ಈ ಸಲ ಚಳಿ ಶುರುವಾದಾಗ ಎಲ್ಲಿಗೆ ಹೋಗೋಣ ಎಂದು ಕೇಳಿದರೆ, ಪೇಪರಿನಿಂದ ಮುಖ ಎತ್ತದೆ ಹೇಳಿದರು.

"ನಿಮ್ಮ ಸಾಲಿ ಅಕ್ಕಾರ ಜೋಡಿ ನೀ ಅಡ್ಡಾಡಿ ಬಾ. ನಾ ಮನ್ಯಾಗ ಇರ್ತೇನಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆವತ್ತು ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. ಇನ್ನು ಮುಂದೆ ಇವರು ಹೀಗೇ ಪೇಪರ್ ಹಿಡಿದು ಕುಳಿತುಬಿಟ್ಟರೆ ನಾನು ಯಾರ ಜೊತೆ ಜಗಳವಾಡಲಿ? ನನ್ನ ಜೊತೆ ಶಾಲೆಯಲ್ಲಿ ಕಲಿಸಿದ ನಿವೃತ್ತ ಅಕ್ಕಾರುಗಳ ಜೊತೆ ನಾನು ಒಂದು ದಿನವೂ ತಿರುಗಲಾರೆ. ಅವರು ಬಸ್ಸು ಹತ್ತಿದ ಕೂಡಲೇ ಸೊಸೆಯಂದಿರ ಮಾತು ತೆಗೆಯುತ್ತಾರೆ.

ಡಾಕ್ಟರು ಬಹಳ ನಡೆಯಬೇಡಿ, ಸೈಕಲ್ ತುಳಿದರೆ ಒಳ್ಳೆಯದೇ ಎಂದಿದ್ದರು. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಮಡಚುವ ಸೈಕಲ್, ಬ್ಯಾಟರಿ ಮೇಲೆ ಓಡುತ್ತದೆ, ಎರಡನ್ನೂ ಮಡಚಿ ಕಾರಿನ ಹಿಂದೆ ಇಟ್ಟುಕೊಳ್ಳಬಹುದು. ಊರು ಮುಟ್ಟಿದ ಮೇಲೆ ಬಿಚ್ಚಿ ಹತ್ತಿದರಾಯಿತು. ಇವರಿಗೆ ಪ್ರವಾಸ ಎನ್ನಲಿಲ್ಲ. ಸೈಕಲ್ ಕೊಳ್ಳಬೇಕು, ನೋಡಿ ಆರಿಸಿಕೊಡಿ ಎಂದೆ. ಆರಿಸುವುದು ಎಂದ ಕೂಡಲೇ ಹೆಗಲಿಗೆ ಟವೆಲ್ ಬಂತು. ನಾನು ಮಗಳು ಬಿಟ್ಟುಹೋದ ಚೂಡಿದಾರ ಹಾಕಿಕೊಂಡೆ. ಅದನ್ನು ಕಂಡು ಅವರು ನೆಟ್ಟಗೆ ಹೋಗಿ ಕಾರಿನಲ್ಲಿ ಕುಳಿತರು.

ಸೊಲ್ಲಾಪುರ ರಸ್ತೆಯ ಆ ಅಂಗಡಿಯಲ್ಲಿ ಮಡಚುವ ಸೈಕಲ್ ಎರಡೇ ಇದ್ದವು. ಒಂದು ಕರಿಯದು, ಎತ್ತರ, ವೇಗ ಜಾಸ್ತಿ. ಇನ್ನೊಂದು ಬಿಳಿಯದು, ಗಿಡ್ಡ, ಹಗುರ. ದೊಡ್ಡದು ಕಾಕಾರಿಗೆ, ಸಣ್ಣದು ಅಕ್ಕಾರಿಗೆ ಎಂದು ಅಂಗಡಿಯವನು ನಾವು ಬಾಯಿ ತೆರೆಯುವ ಮೊದಲೇ ಹಂಚಿಬಿಟ್ಟ. ಇವರು ಕೇಳಿಸಿಕೊಳ್ಳಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಮೂರು ಸುತ್ತು ತಿರುಗಿದರು. ಕರಿಯದರ ಸೀಟಿನ ಮೇಲೆ ಚಪ್ಪರಿಸಿ, ಅದು ಬೆದರುತ್ತದೋ ಏನೋ ಎಂಬಂತೆ ಸ್ವಲ್ಪ ಹೊತ್ತು ನಿಂತರು. ಹ್ಯಾಂಡಲ್ ಕೆಳಗೆ ಅಂಟಿಸಿದ್ದ ಸುರುಳಿ ಚಿತ್ರವನ್ನು ಕಂಡು, ಕುತ್ತಿಗೆ ಮೇಲೆ ಸುಳಿ ಇದೆ, ಮನೆಗೆ ಆಗಿಬರುವುದಿಲ್ಲ ಎಂದರು. ಅಂಗಡಿಯವನು ಪಾಪ, ಉಗುರಿನಿಂದ ಕೆರೆದು ಅದನ್ನು ಕಿತ್ತುಹಾಕಿದ. ನಡುದಾರಿಯಲ್ಲಿ ಮಲಗುತ್ತದೆಯೇ ಎಂದು ಕೇಳಿದರು. ಅವನು ಗಾಬರಿಯಾಗಿ ನನ್ನ ಮುಖ ನೋಡಿದ. ಬ್ಯಾಟರಿ ಎಷ್ಟು ದೂರ ಬರುತ್ತದೆ ಎಂದು ಕೇಳುತ್ತಿದ್ದಾರೆ ಎಂದು ನಾನು ಬಿಡಿಸಿ ಹೇಳಿದೆ. ನೆಲದ ಮೇಲೆ ಕುಳಿತು ಚೈನು ಬೀಳುವ ಚಕ್ರದ ಹಲ್ಲುಗಳನ್ನೂ ಎಣಿಸಿದರು.

ಎಲ್ಲ ಮುಗಿದ ಮೇಲೆ ತೀರ್ಪು ಕೊಟ್ಟರು. ಎರಡೂ ಒಳ್ಳೆಯ ಮಾಲು, ಆದರೆ ಜೋಡಿ ಕೂಡುವುದಿಲ್ಲ. ಒಂದೇ ಎತ್ತರದ, ಒಂದೇ ನಡಿಗೆಯ ಎರಡು ಬೇಕು.

ಅಂಗಡಿಯವನು, ಮೊದಲು ಓಡಿಸಿಯಾದರೂ ನೋಡ್ರಿ ಎಂದು ಕೈ ಮುಗಿದ. ಅಂಗಡಿಯ ಹಿಂದೆ ಹೊಸ ಬಡಾವಣೆಯ ರಸ್ತೆ ಖಾಲಿ ಇತ್ತು. ಕರಿಯದನ್ನು ಹತ್ತಲು ಇವರ ಮೊಣಕಾಲು ಮೇಲೆ ಏಳಲೇ ಇಲ್ಲ. ಅಂಗಡಿಯ ಕಟ್ಟೆಯ ಮೇಲೆ ನಿಂತು ನೋಡಿದರು, ಸೈಕಲ್ ಓರೆ ಮಾಡಿ ನೋಡಿದರು, ಅದೂ ಆಗಲಿಲ್ಲ. ಕೊನೆಗೆ ಬಿಳಿಯದನ್ನು ಹತ್ತಿದರು. ನಾನು ಕರಿಯದನ್ನು ಹತ್ತಿ ಎರಡು ಸಲ ತುಳಿದೆನೋ ಇಲ್ಲವೋ, ಯವ್ವಾ, ಅದು ಹಾರಿತು. ಚೂಡಿದಾರದ ದುಪಟ್ಟಾ ಹಿಂದಕ್ಕೆ ಹಾರಾಡುತ್ತಿತ್ತು. ನಾನು ನಕ್ಕಿದ್ದು ಆ ಬಡಾವಣೆಗೆಲ್ಲ ಕೇಳಿಸಿರಬೇಕು. ರಸ್ತೆ ಮುಗಿದಲ್ಲಿ ನಿಂತು, ಒಂದು ಕಾಲು ನೆಲಕ್ಕೆ ಊರಿ, ತಿರುಗಿ ನೋಡಿದೆ. ಇವರು ಮೊಣಕಾಲು ಆಚೆಗೊಂದು ಈಚೆಗೊಂದು ಚಾಚಿಕೊಂಡು, ಸಾವಕಾಶ, ಬರುತ್ತಿದ್ದರು. ಬಂದು ಮುಟ್ಟುವಷ್ಟರಲ್ಲಿ ಮುಖ ಊದಿತ್ತು.

ಅಂಗಡಿಗೆ ಬಂದವರೇ ಮತ್ತೆ ಅದೇ ರಾಗ. ಎರಡೂ ಸಣ್ಣವೇ ಬೇಕು. ಅಂಗಡಿಯವನು ಇನ್ನೊಂದು ಸಣ್ಣದು ಬರಲು ಹದಿನೈದು ದಿನ ಬೇಕು ಎಂದ. ಅಲ್ಲಿಗೆ ನನ್ನ ಮೈಯೆಲ್ಲ ಉರಿಯಿತು. ಇವೇನು ಎತ್ತೇ, ನೇಗಿಲು ಹೂಡುತ್ತೀರೇನು, ನೀವು ಒಂದನ್ನು ಹತ್ತಿ, ನಾನೊಂದನ್ನು ಹತ್ತುತ್ತೇನೆ, ಊರು ನೋಡಲು ಜೋಡಿ ಯಾಕೆ ಕೂಡಬೇಕು ಎಂದು ಬಾಯಿಗೆ ಬಂದಂತೆ ಅಂದೆ. ಅಂಗಡಿಯವನು ಒಂದು ಬಟ್ಟೆ ತೆಗೆದುಕೊಂಡು ಆಗಲೇ ಹೊಳೆಯುತ್ತಿದ್ದ ಸೈಕಲ್ ಬೆಲ್ಲನ್ನು ಒರೆಸತೊಡಗಿದ.

ಇವರು ಬಿಳಿಯದನ್ನು ಗೋಡೆಗೆ ಆನಿಸಿ ನಿಲ್ಲಿಸಿದರು. ಆಮೇಲೆ ನೆಲ ನೋಡುತ್ತ ಹೇಳಿದರು.

"ಈಗ ನೀ ಅಲ್ಲಿ ನಿಂತಿದ್ದಿಯಲ್ಲ, ಹಂಪ್ಯಾಗೂ ಹಂಗ ನಿಂತಿದ್ದಿ. ಹತ್ತ ಹೆಜ್ಜಿಗೊಮ್ಮೆ ನಿಂದ್ರತಿದ್ದಿ, ಹೊಳ್ಳಿ ನೋಡತಿದ್ದಿ. ನನ್ನ ಸಲುವಾಗಿ ಒಬ್ಬರು ಕಾಯೂದು ನನಗ ತಡಕೊಳ್ಳಾಕ ಆಗಂಗಿಲ್ಲ. ಅದಕ್ಕ ಎರಡೂ ಸಮ ಇರಲಿ ಅಂದೆ."

ಇಷ್ಟು ಹೊತ್ತು ನಾನು ಅದನ್ನು ಎತ್ತಿನ ಹುಚ್ಚು ಎಂದುಕೊಂಡಿದ್ದೆ. ಮೊಣಕಾಲಿನ ನೋವೂ ಅಲ್ಲ, ಹಂಪಿಯ ಬಿಸಿಲೂ ಅಲ್ಲ. ನಾನು ಅಕ್ಕರೆಯಿಂದ ನಿಂತು ನೋಡಿದ್ದೇ ಇವರನ್ನು ಕಾರಿನಲ್ಲಿ ಕೂರಿಸಿತ್ತು. ಅದರ ಹಿಂದೆಯೇ ಇನ್ನೂ ದೊಡ್ಡ ಸಿಟ್ಟು ಬಂತು.

"ಮೂವತ್ತೆಂಟು ವರ್ಷ ನಾ ನಿಮ್ಮ ಹಿಂದ ಓಡಿ ಓಡಿ ಬಂದೀನಿ," ಎಂದೆ. "ಸಂತಿಗೆ, ಹೊಲಕ್ಕ, ಬೀಗರ ಮನಿಗೆ. ಒಮ್ಮೆರೆ ಹೊಳ್ಳಿ ನೋಡೀರೇನ್ರಿ? ಹಂಗಂತ ನಾ ಬರೂದು ಬಿಟ್ಟೇನು?"

ಅವರು ತಲೆ ಎತ್ತಿದರು. ನಿಜವಾಗಿಯೂ ಯೋಚಿಸಿದವರಂತೆ ಕಂಡರು.

"ನೀ ಬರ್ತಿ ಅಂತ ಗೊತ್ತಿತ್ತಲ್ಲ."

ಈ ಮಾತಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ನಕ್ಕೆ. ಬೈದೂ ಬೈದೆ. ಅಂಗಡಿಯವನು ಈಗ ಎರಡನೆಯ ಬೆಲ್ಲನ್ನು ಒರೆಸುತ್ತಿದ್ದ. ಇವರು ಹೆಗಲ ಮೇಲಿನ ಟವೆಲ್ ತೆಗೆದು ಅವನ ಕೈಮೇಲೆ ಹಾಕಿ, ಅದರ ಕೆಳಗೆ ತಮ್ಮ ಕೈ ತೂರಿಸಿದರು. ಎತ್ತಿನ ಬಜಾರದಲ್ಲಿ ಬೆರಳು ಮುಟ್ಟಿ ರೇಟು ಕುದುರಿಸುವುದು ಹಾಗೆಯೇ. ಆ ಮನುಷ್ಯನಿಗೆ ಇದೇನು ಗೊತ್ತು? ಹಿರಿಯರು ಕೈ ಒರೆಸಿಕೊಳ್ಳಲು ಕೊಟ್ಟರು ಎಂದು ಚೆನ್ನಾಗಿ ಒರೆಸಿಕೊಂಡು, ಟವೆಲ್ ಮಡಚಿ ವಾಪಸು ಕೊಟ್ಟ. ಬೆಲೆ ಒಂದು ಪೈಸೆಯೂ ಇಳಿಯಲಿಲ್ಲ. ಕರಿಯದನ್ನೂ ಬಿಳಿಯದನ್ನೂ ಮಡಚಿ ಕಾರಿನಲ್ಲಿ ಹಾಕಿಕೊಂಡು ಬಂದೆವು.

ಮುಂದಿನ ಭಾನುವಾರ ರೂಢಿಯಾಗಲಿ ಎಂದು ಟಿಕೋಟಾಕ್ಕೆ ಹೋದೆವು. ತವರಿನ ಓಣಿಯ ಬಾಯಿಗೆ ಕಾರು ನಿಲ್ಲಿಸಿ ಸೈಕಲ್ ಬಿಚ್ಚಲು ಹೋದರೆ ಬಿಳಿಯದು ಬಿಚ್ಚಿಕೊಳ್ಳಲೇ ಇಲ್ಲ. ಇವರು ಅದರ ಹೊಟ್ಟೆಗೆ ತಿವಿದರು, ಬೆನ್ನು ಸವರಿದರು, ಎತ್ತು ಎಬ್ಬಿಸುವಂತೆ ಹುರ್ರಾ ಎಂದರು. ಕೊನೆಗೆ ನಾನು ಚಿಲಕ ಎಳೆದೆ.

ತೋಟದ ದಾರಿಯಲ್ಲಿ ನಾನು ಮುಂದಾದೆ. ನಿಂತರೂ ತಪ್ಪು, ನೋಡಿದರೂ ತಪ್ಪು. ಕುತ್ತಿಗೆ ತಾನಾಗಿ ಹಿಂದಕ್ಕೆ ಹೊರಳುತ್ತಿತ್ತು, ಹಲ್ಲು ಕಚ್ಚಿ ಮುಂದೆ ನೋಡಿಕೊಂಡು ತುಳಿದೆ. ದ್ರಾಕ್ಷಿ ಒಣಗಿಸುವ ಶೆಡ್ಡಿನ ಹತ್ತಿರ ಇಳಿದೆ. ಬೇಕೆಂದೇ ದಾರಿಗೆ ಬೆನ್ನು ಮಾಡಿ ಕುಳಿತೆ. ಇವರು ಬಿದ್ದರೇ? ಹಿಂದಿರುಗಿ ಹೋದರೇ? ಮತ್ತೆ ಕಾರಿನಲ್ಲಿ ಹೋಗಿ ಕುಳಿತರೇ? ಅಷ್ಟು ಹೊತ್ತು ನಾನು ಹೇಗೆ ಕುಳಿತಿದ್ದೆನೋ ನನಗೇ ಗೊತ್ತು.

ಕೊನೆಗೆ ಹಿಂದೆ ಬ್ರೇಕ್ ಕಿರ್ ಎಂದಿತು. ಇವರು ಇಳಿದು, ಬೆವರು ಒರೆಸಿಕೊಂಡು, ಪಕ್ಕದಲ್ಲಿ ಕುಳಿತರು. ಬಂದೆ ಎನ್ನಲಿಲ್ಲ, ತಡವಾಯಿತು ಎನ್ನಲಿಲ್ಲ. ತೋಟದ ಕಡೆ ನೋಡುತ್ತ ಕೇಳಿದರು.

"ಹಂಪ್ಯಾಗ ಆನಿ ಕಟ್ಟತಿದ್ರಂತಲ್ಲ, ಆ ಜಾಗ ಕಾರ್ ನಿಲ್ಲಿಸೋ ಕಡಿಂದ ಎಷ್ಟು ದೂರ ಐತಿ?"

"ದೂರ ಐತ್ರಿ," ಎಂದೆ. "ನಾ ಮುಂದ ಹೋಗಾಕಿ. ಕಾಯಂಗಿಲ್ಲ."

"ಕಾಯಬ್ಯಾಡ," ಎಂದರು. "ಬರ್ತೇನಿ."