ಬೋರಣ್ಣನ ನಾಲ್ಕನೇ ಚೌಕ

ಯಾರು ಯಾವ ಕತೆ ಹೇಳಿದರೂ ಬೋರಣ್ಣ ಮೊದಲು ಸಿಕ್ಕಿದ ಕಾಗದದ ಮೇಲೆ ನಾಲ್ಕು ಚೌಕ ಗೀಚುತ್ತಿದ್ದ. ಲಗ್ನಪತ್ರಿಕೆಯ ಹಿಂಬದಿ, ಡೇರಿ ಚೀಟಿ, ಏನೂ ಇಲ್ಲದಿದ್ದರೆ ಅಂಗೈ. ನಮ್ಮ ಕೈಲಾಂಚದ ಸುತ್ತಲ ಊರುಗಳಲ್ಲಿ ಮದುವೆ ವಿಡಿಯೋ ತೆಗೆಯುತ್ತಿದ್ದ ಈ ಮನುಷ್ಯನಿಗೆ ತಾಳಿ ಕಟ್ಟುವುದನ್ನೂ ಚೌಕದೊಳಗೆ ಕೂರಿಸದೆ ಸಮಾಧಾನವಿರಲಿಲ್ಲ.

“ಹುಳಕ್ಕೆ ನಾಕು ಜ್ವರ ಬತ್ತದೆ. ಒಂದೊಂದು ಜ್ವರಕ್ಕೂ ಹಳೇ ಪೊರೆ ಬುಟ್ಟು ಬೆಳೀತದೆ. ಕತೇನೂ ಹಂಗೇ ಕಣವ್ವ. ಇದ್ದಂಗೆ ಇರಾದು, ಆಸೆ ಹುಟ್ಟಾದು, ಅಡ್ಡ ಬರಾದು, ದಾಟಾದು. ಒಂದು ತಪ್ಪುದ್ರೂ ಗೂಡು ಕಟ್ಟಾಕಿಲ್ಲ” ಎನ್ನುತ್ತಿದ್ದ. ರೇಷ್ಮೆ ಸಾಕುವ ನಮಗೆ ಬೇರೆ ಯಾವ ಪಾಠ ಇಷ್ಟು ಬೇಗ ತಲೆಗೆ ಹತ್ತೀತು!

ಯಾರದೋ ಮದುವೆಯಲ್ಲಿ ನನ್ನ ಸೋಬಾನೆ ಕೇಳಿ, ಹಾಡಿನ ವಿಡಿಯೋ ಮಾಡೋಣವೆಂದು ಗಂಟುಬಿದ್ದ. ನಮ್ಮ ಜಗಲಿಯ ಮೇಲೆ ಕೂತು, ಡೇರಿ ಚೀಟಿಯೊಂದರ ಹಿಂದೆ ಚೌಕ ಗೀಚಿ ಕೇಳಿದ: “ಹಾಡ್ನಲ್ಲಿರೋ ಹೆಣ್ಮಗಳಿಗೆ ಏನು ಬೇಕು?”

“ಎದುರಿಗೆ ಕಾಣೋ ಆ ಬೆಟ್ಟದ ಬಂಡೆ ಮೇಲೆ ನಿಂತು ಒಂದ್ಸಲ ಜೋರಾಗಿ ಹಾಡ್ಬೇಕು ಕಣಣ್ಣ. ನಡುವೆ ಯಾರೂ ಕೆಲಸಕ್ಕೆ ಕೂಗಬಾರ್ದು.”

“ಅಡ್ಡ ಏನೈತೆ?”

“ಹುಳ!” ಎಂದೆ ಸಿಡುಕಿ. ಸುಳ್ಳೇನು? ಮದುವೆಯಾಗಿ ಬಂದಾಗಿನಿಂದ ಹುಳುಮನೆಗೂ ಹಿಪ್ಪುನೇರಳೆ ತೋಟಕ್ಕೂ ನಡುವೆಯೇ ನನ್ನ ಓಡಾಟ. ಒಂದು ಬೆಳೆ ಇಳಿದರೆ ಇನ್ನೊಂದು. ಸ್ವಂತ ತಂಗಿಯ ಧಾರೆ ನೋಡಿ ಊಟಕ್ಕೂ ನಿಲ್ಲದೆ ಓಡಿಬಂದವಳು ನಾನು. ನಿನಗೇನು ಬೇಕೆಂದು ಅಲ್ಲಿಯವರೆಗೆ ಒಬ್ಬರೂ ಕೇಳಿರಲಿಲ್ಲ. ಅವನು ಕೇಳಿದ್ದಲ್ಲದೆ ಬರೆದುಕೊಂಡ.

ಮೂರು ಚೌಕ ಹುಳುಮನೆಯಲ್ಲೇ ತೆಗೆದೆವು. ಮೊದಲ ದಿನ ಸೆಂಟು ಬಳಿದುಕೊಂಡು ಬಂದವನನ್ನು ನಮ್ಮತ್ತೆ ಬಾಗಿಲಲ್ಲೇ ತಡೆದು, “ಏನ್ಲಾ, ನನ್ನ ಹುಳ ಸಾಯ್ಸಕ್ಕೆ ಬಂದಿದ್ದೀಯಾ?” ಎಂದು ಬಚ್ಚಲಿಗೆ ಅಟ್ಟಿದರು. ಮೈ ತೊಳೆದು, ನಮ್ಮ ಮಾವನ ಪಂಚೆ ಉಟ್ಟು ಕ್ಯಾಮೆರಾ ಹಿಡಿದ ಪುಣ್ಯಾತ್ಮ!

ನಾಲ್ಕನೆಯದು ಬೆಟ್ಟದ ಮೇಲೆ. ಬೆಳಿಗ್ಗೆಯೇ ಒಳ್ಳೇ ಸೀರೆ ಉಟ್ಟು ಹೂ ಮುಡಿದು ನಿಂತಿದ್ದೆ. ಹೊರಡುವ ಮುಂಚೆ ಹುಳುವಿನ ತಟ್ಟೆ ನೋಡಿದರೆ, ಒಂದು ದಿನ ಮೊದಲೇ ಮೇವು ಬಿಟ್ಟು ಹಣ್ಣಾಗಿಬಿಟ್ಟಿವೆ! ಅವತ್ತೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡದಿದ್ದರೆ ನೂಲೆಲ್ಲ ವ್ಯರ್ಥ. ಹೂ ಕಿತ್ತು ಮೂಲೆಗೆ ಎಸೆದು ಅತ್ತುಬಿಟ್ಟೆ. ಬೋರಣ್ಣ ಬೈಯಲಿಲ್ಲ. ಕ್ಯಾಮೆರಾ ಚೀಲಕ್ಕೆ ಹಾಕಿ, ಕೈ ತೊಳೆದು, ನನ್ನೆದುರು ಕೂತು ಸಂಜೆಯವರೆಗೂ ಹುಳು ಆರಿಸಿದ.

“ಬಂಡೆ ಎಲ್ಲೋಯ್ತದವ್ವ? ಗೂಡು ಬಿಡಿಸಿದ್ಮೇಲೆ ಹೋಗನ.”

ಗೂಡು ಬಿಡಿಸುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟ. ನನಗೆ ಅವನ ಮೇಲೆ ಇವತ್ತಿಗೂ ಸಿಟ್ಟು.

ಅವನ ಹೆಂಡತಿ ಕೊಟ್ಟ ಆ ಚೀಟಿಯನ್ನು ಹುಳುಮನೆಯ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದ್ದೇನೆ. ಮೂರು ಚೌಕಕ್ಕೆ ಗೀಟು ಹೊಡೆದಿದ್ದಾನೆ. ನಾಲ್ಕನೆಯದರಲ್ಲಿ, “ಬಾಗಿಲು ತೆಗೆದು ಹೋಗ್ತಾಳೆ. ತಿರುಗಿ ನೋಡಲ್ಲ” ಎಂದಿದೆ. ದಿನಾ ಅದನ್ನು ಓದಿ ಬಾಗಿಲು ತೆಗೆಯುತ್ತೇನೆ. ತೋಟಕ್ಕೆ ಹೋಗಿ, ಸೊಪ್ಪು ಕೊಯ್ದುಕೊಂಡು ವಾಪಸು ಬರುತ್ತೇನೆ.