ಹುಣಸೆಹಣ್ಣಿನಲ್ಲಿ ತೊಳೆದ ಬ್ಯಾಟರಿಗಳು

ನನ್ನ ಮೊಮ್ಮಗಳು ಹಳೇ ಬ್ಯಾಟರಿಯಿಂದ ಹೊಸ ಬ್ಯಾಟರಿ ಮಾಡುತ್ತಾಳೆ. ಕಲ್ಯಾಣದುರ್ಗದ ನಮ್ಮ ಬೀದಿಯಲ್ಲಿ ಇದನ್ನು ನಾನು ಹೇಳದೆ ಬಿಟ್ಟ ಮನೆಯಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದೇನೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಈಗ ಬರೆಯಲೂ ಕೂತಿದ್ದೇನೆ; ಏನು ಮಾಡಲಿ, ಖುಷಿ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ.

ಅವಳ ಕೆಲಸ ಹಿಂದೂಪುರದ ಒಂದು ಸಣ್ಣ ಶೆಡ್ಡಿನಲ್ಲಿ. ಸತ್ತ ಬ್ಯಾಟರಿ ಬಿಚ್ಚಿ, ಒಳಗಿನ ಕರಿ ಪುಡಿ ತೆಗೆದು, ಆಸಿಡ್ಡಿನಲ್ಲಿ ಕರಗಿಸಿ, ಬೇಕಾದ್ದನ್ನು ಮಾತ್ರ ಬೇರೆ ಮಾಡಿ ಮತ್ತೆ ಪುಡಿ ಮಾಡುತ್ತಾರಂತೆ. ಅದನ್ನು ಕಲಸಿ ತೆಳ್ಳನೆಯ ತಗಡಿನ ಮೇಲೆ ಬಳಿಯುತ್ತಾರಂತೆ. "ದೋಸೆ ಹುಯ್ದಂಗೆ ಕಣಜ್ಜಿ, ಎಲ್ಲಾ ಕಡೆ ಒಂದೇ ಸಮ ಇರ್ಬೇಕು" ಎಂದಳು. ಆಗ ಅರ್ಥವಾಯಿತು.

ಒಮ್ಮೆ ಬೀದಿಯವರ ಕೆಟ್ಟ ಫೋನ್ ಬ್ಯಾಟರಿಗಳನ್ನು ಕೂಡಿಡಲು ಹೇಳಿದಳು. ಕೂಡಿಸಿದೆ. ನೋಡಿದರೆ ಧೂಳು, ಜಿಡ್ಡು. ಮೊಮ್ಮಗಳ ಕೆಲಸದ ಜಾಗಕ್ಕೆ ಇಂಥ ಕೊಳಕು ಕಳಿಸುವುದೇ? ದೀಪದ ಕಂಬ ಬೆಳಗುವ ಹಾಗೆ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ, ಬಕೆಟ್ಟಿನಲ್ಲಿ ನೆನೆಹಾಕಿ, ವಿಡಿಯೋ ಕಾಲಿನಲ್ಲಿ ತೋರಿಸಿದೆ. ನೀರು ಬುಸುಗುಡುತ್ತಿತ್ತು.

"ಅಯ್ಯಯ್ಯೋ, ದೂರ ಸರಿಯಜ್ಜಿ! ಕೈ ಹಾಕ್ಬ್ಯಾಡ!"

"ಯಾಕೇ? ಎಷ್ಟು ಫಳಫಳ ಅಂತಾವೆ ನೋಡು!"

"ಫಳಫಳ ಅಲ್ಲ, ಢಮ್ ಅಂತಾವೆ! ನಾನೇ ಬತ್ತೀನಿ, ಮುಟ್ಬ್ಯಾಡ!"

ಬಂದಳು, ಬೈದಳು, ಬೈಯುತ್ತಲೇ ನಕ್ಕಳು. ನೀರು ಸೋಕಿಸಬಾರದು, ತುದಿಗೆ ಟೇಪು ಸುತ್ತಿ ಒಣ ಮರಳಿನಲ್ಲಿಡಬೇಕು ಎಂದು ಕಲಿಸಿದಳು. ಆಮೇಲೆ ಹಾಗೇ ಇಟ್ಟೆ.

ಆದರೆ ಅವಳ ನಗು ಹೆಚ್ಚು ದಿನ ಉಳಿಯಲಿಲ್ಲ. ಹಳೇ ಪುಡಿಯಿಂದ ಮಾಡಿದ ಬ್ಯಾಟರಿಯನ್ನು ಸ್ಕೂಟರಿಗೆ ಹಾಕಿ ಎರಡು ಸಲ ಓಡಿಸಿ ನೋಡಿದ್ದರಂತೆ; ಎರಡು ಸಲವೂ ದಾರಿಯಲ್ಲೇ ನಿಂತು, ಅವಳು ತಳ್ಳಿಕೊಂಡು ಬಂದಿದ್ದಳು. ಮೂರನೇ ಸಲವೂ ನಿಂತರೆ ಬ್ಯಾಟರಿ ಮಾಡುವುದನ್ನೇ ಬಿಟ್ಟು ಬರೀ ಪುಡಿ ಮಾರೋಣ ಎಂದಿದ್ದರು ಶೆಡ್ಡಿನ ಮಾಲೀಕರು. ಹಾಗಾದರೆ ಇವಳ ಕೆಲಸವೂ ಮುಗಿದಂತೆಯೇ. ಕೇಳಿ ಮನೆಯಲ್ಲಿ ಕೂರಲಾಗಲಿಲ್ಲ. ಬಸ್ಸು ಹತ್ತಿದೆ.

ಶೆಡ್ಡಿನ ಮುಂದೆ ಸ್ಕೂಟರಿಗೆ ಕುಂಕುಮ ಇಟ್ಟೆ. ಬ್ಯಾಟರಿಗೆ ನೀರು ಮಾತ್ರ ಚಿಮುಕಿಸಲಿಲ್ಲ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ಭಾರಕ್ಕೆಂದು ಹಿಂದಿನ ಸೀಟಿಗೆ ಮರಳು ಮೂಟೆ ಕಟ್ಟಲು ಹೊರಟಿದ್ದರು.

"ಮೂಟೆ ಯಾಕಪ್ಪ? ನಾನಿಲ್ವಾ?" ಎಂದು ಹತ್ತಿ ಕೂತೇಬಿಟ್ಟೆ.

ಮಾಲೀಕರು ತೆಲುಗಿನಲ್ಲಿ ನಕ್ಕರು: "ಏಂ ಅವ್ವಾ, ಭಯಂ ಲೇದಾ?"

"ಭಯ ಏನಿದ್ರೂ ನಿಮ್ಮ ಮೂಟೆಗೆ ಕಣಪ್ಪ" ಎಂದೆ.

ಮೊಮ್ಮಗಳು ಸ್ಕೂಟರು ಬಿಟ್ಟಳು, ನಿಂಬೆಹಣ್ಣು ಪಚಕ್ಕೆಂದಿತು. ಹೊರಟೆವು. ಸದ್ದೇ ಇಲ್ಲ, ಓಡುತ್ತಿದೆಯೋ ಇಲ್ಲವೋ ಎಂದು ರಸ್ತೆ ನೋಡಿಯೇ ತಿಳಿಯಬೇಕು. ಪೆನುಕೊಂಡ ರಸ್ತೆಯ ಏರು ಬಂತು. ಹಿಂದೆ ನಿಂತಿದ್ದು ಅಲ್ಲೇ ಅಂತೆ. ಸ್ಕೂಟರು ನಿಧಾನವಾಯಿತು. ಅವಳ ಬೆನ್ನು ಮರದ ಹಲಗೆಯಂತೆ ಬಿಗಿಯಾಯಿತು.

"ಇಳೀಲೇನೇ?"

"ಇಳಿದ್ರೆ ಲೆಕ್ಕಕ್ಕೆ ಬರಲ್ಲ. ಸುಮ್ಕೆ ಕೂತ್ಕೊ."

ಸುಮ್ಮನೆ ಕೂತೆ. ಉಸಿರನ್ನೂ ಹಗುರ ಮಾಡಿಕೊಂಡು ಕೂತೆ. ಸ್ಕೂಟರು ತೆವಳಿತು, ತೆವಳಿತು, ಏರಿನ ನೆತ್ತಿ ಸೇರಿತು. ಬೆನ್ನು ಸಡಿಲವಾದದ್ದು ನನ್ನ ಅಂಗೈಗೆ ತಿಳಿಯಿತು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಹಿಂದೆ ಕೂತವಳಿಗೆ ಹೇಗೆ ಕಾಣಬೇಕು?

ವಾಪಸ್ಸು ಶೆಡ್ಡಿನ ಮುಂದೆ ಮಾಲೀಕರು ಮೀಟರು ಬಗ್ಗಿ ನೋಡಿ, "ಇನ್ನೂ ಚಾರ್ಜ್ ಇದೆ! ಸಾಕು, ಇಳೀರಿ" ಎಂದರು.

ನಾನು ಇಳಿಯಲಿಲ್ಲ. "ನಡಿಯೇ, ಹುಣಸೆ ಮಂಡಿಗೆ. ಮನೇಲಿ ಹಣ್ಣು ಖಾಲಿಯಾಗೈತೆ."

"ಕೊಡಿಸ್ತೀನಿ. ಆದ್ರೆ ಪಾತ್ರೆಗೆ ಮಾತ್ರ ಕಣಜ್ಜಿ!" ಎನ್ನುತ್ತಾ ಅವಳು ಸ್ಕೂಟರು ತಿರುಗಿಸಿದಳು.