ಯಾವ ಹುಳ?

ಆಸ್ಪತ್ರೆಗೆ ಹೋದಾಗ ‘ಹುಳ ಮುಟ್ಟೈತೆ’ ಎನ್ನಬೇಡಿ. ಹಾವಾಗಿದ್ದರೆ ಹಾವು ಅನ್ನಿ. ಕತ್ತಲಾಗಿದ್ದರೂ ಅನ್ನಿ, ದೇವರ ಮುಂದೆ ನಿಂತಿದ್ದರೂ ಅನ್ನಿ. ಬಿಟ್ಟಿ ಬುದ್ಧಿ ಹೇಳುವವನಲ್ಲ ನಾನು. ಈ ಒಂದು ಮಾತಿಗೆ ನನಗೆ ಬಿದ್ದ ಬೆಲೆ ನನ್ನ ಹೆಂಡತಿ.

ಹೊಸದುರ್ಗದಲ್ಲಿ ನನ್ನದು ಕೀಟನಾಶಕದ ಅಂಗಡಿ. ಎಸ್ಸೆಸ್ಸೆಲ್ಸಿ ಬಾಗಿಲು ಮುಟ್ಟಿ ವಾಪಸು ಬಂದವನು ನಾನು. ಮಂಡಿಯಲ್ಲಿ ಮೂಟೆ ಹೊತ್ತು, ಅಲ್ಲೇ ಚೌಕಾಸಿ ಕಲಿತು, ಅಂಗಡಿ ಇಟ್ಟವನು. ಕೊಳ್ಳುವವನ ಮುಖ ನೋಡಿದರೆ ಅವನು ಎಷ್ಟು ರೂಪಾಯಿಗೆ ಬಂದು ನಿಲ್ಲುತ್ತಾನೆ ಎಂದು ಗೊತ್ತಾಗುತ್ತಿತ್ತು. ಹುಳದ ಮುಖ ಮಾತ್ರ ನೋಡಿರಲಿಲ್ಲ. ಅಷ್ಟರಲ್ಲಿ ಹೊಸ ನಿಯಮ ಬಂತು: ಕೃಷಿ ಓದಿರದ ಔಷಧಿ ಅಂಗಡಿಯವರು ಒಂದು ವರ್ಷ ತರಗತಿಗೆ ಕೂರಬೇಕು, ಇಲ್ಲದಿದ್ದರೆ ಲೈಸೆನ್ಸ್ ಇಲ್ಲ. ಭಾನುವಾರ ಭಾನುವಾರ ಹಿರಿಯೂರಿನ ಬಸ್ಸು ಹತ್ತಿದೆ.

ಕಲಿಸುವ ಮೇಷ್ಟ್ರು ನನ್ನ ಮಗನ ವಯಸ್ಸಿನವರು. ಮೊದಲ ದಿನವೇ ಕಪ್ಪುಹಲಗೆಯ ಮೇಲೆ ‘ಹುಳ’ ಎಂದು ಬರೆದು ಅಡ್ಡಗೆರೆ ಎಳೆದರು. “ಈ ಪದ ಮರೆತುಬಿಡಿ. ಇದರಿಂದಲೇ ಎಲ್ಲ ಎಡವಟ್ಟು.” ಕೀಟವೆಂದರೆ ಮೈ ಮೂರು ಭಾಗ: ತಲೆ, ಎದೆ, ಹೊಟ್ಟೆ. ಕಾಲು ಆರು. ಕಾಲೂ ರೆಕ್ಕೆಯೂ ಎದೆಗೇ ಅಂಟಿರುತ್ತವೆ. ಉಸಿರಾಡುವುದು ಮೂಗಿನಿಂದಲ್ಲ, ಪಕ್ಕೆಯಲ್ಲಿ ಸಾಲಾಗಿರುವ ಸಣ್ಣ ತೂತುಗಳಿಂದ. ಗುಂಪುಗಳಿಗೆ ನಾಲಿಗೆ ಹೊರಳದ ಹೆಸರುಗಳು, ಆದರೆ ಅರ್ಥ ಕೇಳಿದರೆ ನಗು ಬರುತ್ತದೆ: ನೊಣ, ಸೊಳ್ಳೆ ಎರಡು ರೆಕ್ಕೆಯವು, ಚಿಟ್ಟೆ ಪತಂಗ ಪುಡಿ ರೆಕ್ಕೆಯವು, ದುಂಬಿ ಗಟ್ಟಿ ಹೊದಿಕೆಯ ರೆಕ್ಕೆಯವು. ಮಂಡಿಯಲ್ಲಿ ನಾವು ಕುಂಟ, ಲಂಬೂ, ಬಿಳಿಪಂಚೆ ಎಂದು ಕರೆಯುತ್ತಿದ್ದ ಹಾಗೇ.

ಕೊನೆಗೆ ಪ್ರತಿಯೊಬ್ಬರೂ ಒಂದು ಪೆಟ್ಟಿಗೆ ಕೀಟ ಸಂಗ್ರಹಿಸಿ ಒಪ್ಪಿಸಬೇಕಿತ್ತು. ನಾನು ಒಂದು ಜೇಡ ಒಯ್ದೆ. ಮೇಷ್ಟ್ರು ಆಗದು ಎಂದರು.

“ಸಾರ್, ಕೇಳಿದ್ದು ಆರು ಕಾಲು, ನಾನು ಎಂಟು ಕೊಡ್ತಾ ಇದೀನಿ. ಎರಡು ಕೊಸರು ಅಂತ ಇಟ್ಕಳ್ರಿ.”

“ಎರಡು ಕಿತ್ತು ತಂದರೂ ತಗೊಳ್ಳಲ್ಲ ಯಜಮಾನ್ರೇ,” ಎಂದು ಅವರೂ ನಕ್ಕರು. ನನ್ನ ಚೌಕಾಸಿ ನಡೆಯದ ಮೊದಲ ಅಂಗಡಿ ಅದು.

ಮನೆಯಲ್ಲಿ ಈ ಓದಿಗೆ ನನಗಿಂತ ಹೆಚ್ಚು ಹುರುಪು ಹತ್ತಿದ್ದು ಹೆಂಡತಿಗೆ. ದೀಪಕ್ಕೆ ಬಂದ ಪತಂಗ, ಅವರೆಕಾಯಿ ಸುಲಿಯುವಾಗ ಸಿಕ್ಕಿದ್ದು, ದನದ ಮೈಮೇಲೆ ಕೂತದ್ದು, ಎಲ್ಲವನ್ನೂ ಹಳೆಯ ಡಬ್ಬಿಗಳಲ್ಲಿ ಹಿಡಿದಿಡುತ್ತಿದ್ದಳು. ನಾನು ಕಾಲು ಎಣಿಸಿ ತೀರ್ಪು ಕೊಡುತ್ತಿದ್ದೆ.

“ರೀ, ಜರಿ ಹುಳ ಆಗುತ್ತಾ?”

“ಆಗಲ್ಲ ಕಣೇ. ಅದಕ್ಕೆ ಮೈತುಂಬ ಕಾಲು.”

“ಎರೆಹುಳ? ಹೆಸರಲ್ಲೇ ಹುಳ ಐತಲ್ರೀ!”

“ಅದಕ್ಕೆ ಕಾಲೇ ಇಲ್ಲ.”

“ಹಂಗಾರೆ ನಿಮ್ಮ ಮೇಷ್ಟ್ರಿಗೆ ಹುಳಾನೇ ಗೊತ್ತಿಲ್ಲ ಬಿಡ್ರಿ. ನನ್ನ ಲೆಕ್ಕದಾಗೆ ಎರಡೇ ಜಾತಿ. ಕಡಿಯೋವು, ಕಡೀದೇ ಇರೋವು.”

ಬಾಯಿಯಲ್ಲೂ ಎರಡು ಬಗೆ, ಅಗಿಯುವ ಬಾಯಿ, ಹೀರುವ ಬಾಯಿ, ಅದನ್ನು ನೋಡಿಯೇ ಔಷಧಿ ಕೊಡಬೇಕು ಎಂದು ನಾನು ವಿವರಿಸಿದರೆ, “ನಿಮ್ಮದು ಹೀರೋದು. ಮದುವೆಯಾದಾಗಿಂದ ನನ್ನ ಜೀವ ಹೀರ್ತಾ ಇದೀರಿ,” ಎನ್ನುತ್ತಿದ್ದಳು. ಅವ್ವ ಮೂಲೆಯಲ್ಲಿ ಕೂತು ನಗುತ್ತಿದ್ದಳು.

ಪೆಟ್ಟಿಗೆ ತುಂಬುತ್ತಾ ಬಂತು. ಉಳಿದದ್ದು ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ. ತೆಂಗಿನ ಸೀಮೆಯವನ ಪೆಟ್ಟಿಗೆಯಲ್ಲಿ ಅದೇ ಇಲ್ಲದಿದ್ದರೆ ಮರ್ಯಾದೆ ಏನು ಉಳಿಯಿತು? ಒಪ್ಪಿಸುವ ದಿನ ಹತ್ತಿರ ಬಂದಾಗ, ಒಂದು ಭಾನುವಾರ ಬೆಳಗ್ಗೆ ನಾನು ಬಸ್ಸಿಗೆ ಹೊರಟಾಗ ಅವಳೇ ಹೇಳಿದಳು:

“ನಮ್ಮ ತಿಪ್ಪೆ ಗುಂಡ್ಯಾಗೇ ಇರ್ತಾವೆ. ನೀವು ಬರೋದ್ರಾಗೆ ಹಿಡಿದಿಟ್ಟಿರ್ತೀನಿ.”

“ಗುದ್ದಲೀಲಿ ಕೆದಕು. ಕೈ ಹಾಕಬ್ಯಾಡ.”

“ಗುದ್ದಲಿ ತಾಗಿದ್ರೆ ಕೊಂಬು ಮುರಿಯಲ್ವಾ? ಮುರಿದಿದ್ದಕ್ಕೆ ಮಾರ್ಕ್ಸ್ ಇಲ್ಲ ಅಂದೋರು ನೀವೇ.”

ಸಂಜೆ ನಡೆದದ್ದನ್ನು ಅವ್ವ ಆಮೇಲೆ ಹೇಳಿದಳು. ಮನೆಗೆಲಸ ಮುಗಿಸಿ ಮುಸ್ಸಂಜೆಯಲ್ಲಿ ನನ್ನ ಹೆಂಡತಿ ತಿಪ್ಪೆಯ ಬಳಿ ಹೋಗಿದ್ದಾಳೆ. ದುಂಬಿ ಸಿಕ್ಕಿದೆ, ಡಬ್ಬಿಗೆ ಹಾಕಿದ್ದಾಳೆ. ಇನ್ನೊಂದು ಇದ್ದರೆ ಇರಲಿ ಎಂದು ಮತ್ತೆ ಕೈ ಹಾಕಿದಾಗ ಬೆರಳಿಗೆ ಚುಚ್ಚಿದಂತಾಗಿದೆ. ಗೊಬ್ಬರದೊಳಗೆ ಉದ್ದಕ್ಕೆ ಹರಿದು ಹೋದದ್ದನ್ನು ಕಂಡಿದ್ದಾಳೆ. ಒಳಗೆ ಬಂದು, “ಅತ್ತೇ, ಹುಳ ಮುಟ್ತು,” ಎಂದಿದ್ದಾಳೆ.

ನಮ್ಮ ಕಡೆ ದೀಪ ಹಚ್ಚಿದ ಮೇಲೆ ಹಾವಿನ ಹೆಸರು ಎತ್ತುವುದಿಲ್ಲ. ಕರೆದರೆ ಬರುತ್ತದೆ ಎಂದು ಭಯ. ಹುಳ ಎನ್ನುತ್ತೇವೆ, ಕಚ್ಚಿತು ಎನ್ನದೆ ಮುಟ್ಟಿತು ಎನ್ನುತ್ತೇವೆ. ಅವ್ವನಿಗೆ ತಕ್ಷಣ ಗೊತ್ತಾಯಿತು. ಪಕ್ಕದ ಮನೆಯ ಆಟೋ ಕರೆಸಿ ಅವಳನ್ನು ಆಸ್ಪತ್ರೆಗೆ ಒಯ್ದಳು. ತಡ ಮಾಡಲಿಲ್ಲ, ಮಂತ್ರ ತಂತ್ರ ಎಂದು ಕೂರಲಿಲ್ಲ. ಎಲ್ಲ ಸರಿಯಾಗಿಯೇ ಮಾಡಿದಳು. ಡಬ್ಬಿ ಮಾತ್ರ ನನ್ನ ಹೆಂಡತಿಯ ಇನ್ನೊಂದು ಕೈಯಲ್ಲೇ ಉಳಿದಿತ್ತು.

ಅಲ್ಲಿದ್ದದ್ದು ಹೊಸದಾಗಿ ಬಂದಿದ್ದ, ಬೇರೆ ಸೀಮೆಯ ಚಿಕ್ಕ ವಯಸ್ಸಿನ ಡಾಕ್ಟರಮ್ಮ.

“ಏನಾಯ್ತು ಅಜ್ಜಿ?”

“ಹುಳ ಮುಟ್ಟೈತವ್ವ. ತಿಪ್ಪೇಗೆ ಕೈ ಹಾಕಿದ್ಲು.”

ಬೆರಳಲ್ಲಿ ಗೀರಿದಂಥ ಸಣ್ಣ ಗುರುತಷ್ಟೇ ಇತ್ತು. ಡಾಕ್ಟರಮ್ಮ ಡಬ್ಬಿ ನೋಡಿದರು. “ಈ ಹುಳಾನಾ?”

“ಅದ್ನ ಹಿಡಿಯಾಕೋಗೇ ಆಗಿದ್ದು.”

“ಹೆದರಬೇಡಿ. ಇದಕ್ಕೆ ವಿಷ ಇರಲ್ಲ. ಒಂದು ಇಂಜೆಕ್ಷನ್ ಕೊಡ್ತೀನಿ, ಹೊರಗೆ ಕೂತಿರಿ.”

ಆ ಹುಡುಗಿ ಹೇಳಿದ್ದು ದುಂಬಿಯ ಮಟ್ಟಿಗೆ ನೂರಕ್ಕೆ ನೂರು ಸರಿ. ಕೊಂಬು ಎಷ್ಟು ದೊಡ್ಡದಿದ್ದರೂ ಅದಕ್ಕೆ ಮನುಷ್ಯನನ್ನು ಕಚ್ಚುವ ಬಾಯಿಲ್ಲ. ಅವ್ವ ಹೇಳಿದ್ದೂ ಸರಿಯೇ. ಎರಡು ಸರಿಗಳ ನಡುವೆ ನನ್ನ ಹೆಂಡತಿ ಬೆಂಚಿನ ಮೇಲೆ ಕೂತಿದ್ದಳು. ಡಾಕ್ಟರಮ್ಮನೇ ಹೆದರಬೇಡಿ ಎಂದಿದ್ದಾರೆ, ಹಾವಿನ ಸೂಜಿಯೂ ಬಿತ್ತು ಎಂದು ಅವ್ವನಿಗೆ ಸಮಾಧಾನ. ಬಸ್ಸಿನಲ್ಲಿದ್ದ ನನಗೂ ಫೋನಿನಲ್ಲಿ ಹಾಗೇ ಹೇಳಿದಳು: “ಹುಳ ಮುಟ್ಟೈತೆ, ಸೂಜಿ ಹಾಕ್ಯಾರೆ, ನೀನು ಗಾಬರಿಯಾಗಬ್ಯಾಡ.” ನಾನೂ ನಮ್ಮೂರವನೇ ಅಲ್ಲವೇ, ಸರಿಯಾಗಿಯೇ ಅರ್ಥ ಮಾಡಿಕೊಂಡೆ. ಔಷಧಿ ಬಿತ್ತು, ಗಂಡಾಂತರ ಕಳೆಯಿತು ಎಂದು ಕಿಟಕಿಗೆ ತಲೆ ಆನಿಸಿದೆ.

ಆಸ್ಪತ್ರೆಗೆ ಬಂದಾಗ ಅವಳು ಗೋಡೆಗೆ ಒರಗಿದ್ದಳು. ರೆಪ್ಪೆ ಅರ್ಧ ಇಳಿದಿತ್ತು. “ಸಿಕ್ತು ರೀ” ಎನ್ನಲು ಹೋದಳೆಂದು ಕಾಣುತ್ತದೆ. ನಾಲಿಗೆ ಹೊರಳಲಿಲ್ಲ. ಡಬ್ಬಿ ಮುಂದೆ ಮಾಡಿದಳು.

ನಾನು ಒಳಗೆ ಓಡಿ ಕೇಳಿದೆ, “ಯಾವ ಹಾವಂತೆ ಮೇಡಂ?”

ಡಾಕ್ಟರಮ್ಮ ಕುರ್ಚಿಯಿಂದ ಎದ್ದರು. “ಹಾವಾ?”

ಆ ಎರಡಕ್ಷರವನ್ನು ಅವರು ಹೇಳಿದ ರೀತಿ ಇವತ್ತಿಗೂ ನನ್ನ ಕಿವಿಯಲ್ಲಿದೆ. ಆಮೇಲೆ ಅವರು ಕೈಲಾದದ್ದನ್ನೆಲ್ಲ ಮಾಡಿದರು. ವಿಷದ ಔಷಧಿ ಏರಿಸಿ, ಆಂಬುಲೆನ್ಸಿನಲ್ಲಿ ತಾವೇ ಜೊತೆಗೆ ಕೂತು ಚಿತ್ರದುರ್ಗಕ್ಕೆ ಹೊರಡಿಸಿದರು. ದಾರಿಯುದ್ದಕ್ಕೂ ನಾನು ಚೌಕಾಸಿ ಮಾಡಿದೆ. ಮನೆದೇವರೊಡನೆ, ಡ್ರೈವರಿನೊಡನೆ, ಅವಳೊಡನೆ. ಹೊಳಲ್ಕೆರೆ ಬರಲಿ, ಅಲ್ಲಿಯವರೆಗೆ ಉಸಿರು ನಿಲ್ಲಿಸಬೇಡ ಎಂದೆ. ಅವಳು ಅಷ್ಟು ಕೊಟ್ಟಳು. ಹೊಳಲ್ಕೆರೆ ದಾಟಿದ ಮೇಲೆ ಇನ್ನೊಂದಿಷ್ಟು ಕೇಳಿದೆ. ಎದೆ ಏಳುವುದು ನಿಂತುಹೋಯಿತು.

ಮರುದಿನ ಮಣ್ಣು ಮಾಡಿ ಬಂದಾಗ ಕಿಟಕಿಯಲ್ಲಿ ಕರಕರ ಸದ್ದು. ಯಾರೋ ಡಬ್ಬಿಯನ್ನು ಅಲ್ಲಿಟ್ಟಿದ್ದರು. ಒಳಗೆ ದುಂಬಿ, ಪಕ್ಕೆಯ ತೂತುಗಳಿಂದ ಉಸಿರಾಡಿಕೊಂಡು, ಬದುಕಿತ್ತು. ಕೊಂಬು ಮುರಿದಿರಲಿಲ್ಲ.

ಅದಕ್ಕೆ ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿ ಸಿಕ್ಕಿಸಲು ನನ್ನಿಂದಾಗಲಿಲ್ಲ. ಅದಿಲ್ಲದೆಯೇ ಪೆಟ್ಟಿಗೆ ಒಪ್ಪಿಸಿದೆ. ಪಾಸಾದೆ. ಸರ್ಟಿಫಿಕೇಟು ಅಂಗಡಿಯ ಗೋಡೆಯಲ್ಲಿದೆ. ಅದನ್ನು ನೋಡಬಾರದೆಂದು ಕುರ್ಚಿ ತಿರುಗಿಸಿ ಹಾಕಿಕೊಂಡಿದ್ದೇನೆ. ಗಿರಾಕಿಗಳು ಬಂದು ‘ಹುಳ ಬಿದ್ದೈತೆ, ಔಷಧಿ ಕೊಡಣ್ಣ’ ಎನ್ನುತ್ತಾರೆ. ಯಾವ ಹುಳ, ಎಷ್ಟು ಕಾಲು, ಅಗಿಯುತ್ತೋ ಹೀರುತ್ತೋ ಎಂದು ಕೇಳುತ್ತೇನೆ. “ಹುಳ ಅಂದ್ರೆ ಹುಳ ಕಣಣ್ಣ, ಹೆಣ್ಣು ನೋಡಾಕೆ ಬಂದಂಗೆ ಕೇಳ್ತೀಯಲ್ಲ!” ಎಂದು ನಗುತ್ತಾರೆ. ಹಾವಿನ ಮಾತೂ ಹೇಳಿ ಕಳಿಸುತ್ತೇನೆ. ಹೂಂ ಎನ್ನುತ್ತಾರೆ. ಹೊತ್ತು ಮುಳುಗಿದ ಮೇಲೆ ಅವರ ಬಾಯಲ್ಲಿ ಏನು ಬರುತ್ತದೆಂದು ನನಗೆ ಗೊತ್ತು.

ಮೊನ್ನೆ ದೀಪ ಹಚ್ಚಿದ ಮೇಲೆ ಹಿತ್ತಲ ಕಡೆ ಹೊರಟೆ. ಅವ್ವ ಒಳಗಿಂದ ಕೂಗಿದಳು: “ಬ್ಯಾಟ್ರಿ ತಗಂಡೋಗು ಮಗಾ. ಹುಳ ಇರ್ತಾವೆ.”

ನಾನು ಬಾಗಿಲಲ್ಲೇ ನಿಂತೆ. “ಅವ್ವಾ, ಹಾವು ಅನ್ನು. ಒಂದೇ ಒಂದು ಸಲ ಅನ್ನು.”

ಅವಳು ನನ್ನ ಮುಖ ನೋಡಿದಳು, ದೀಪದ ಕಡೆ ನೋಡಿದಳು. ಸೊಸೆಗಾಗಿಯಾದರೂ ಹೇಳಬೇಕೆಂದು ಬಾಯಿ ತೆರೆದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಬೆಳಗಾಗ್ಲಿ,” ಎಂದಳು, “ಅಂತೀನಿ.”